ಔಷಧಿ ಚೀಟಿಯಲ್ಲಿ ಅಕ್ಕಿ, ಬೇಳೆ: ಚಿಕಿತ್ಸೆಯ ಭಾಗವಾಗಿ ರೋಗಿಯ ಸಾಮಾಜಿಕ ಅಗತ್ಯಗಳು

ಹೊಟ್ಟೆಗೆ ಅನ್ನ, ಸೋರದ ಸೂರು, ಆಸ್ಪತ್ರೆಗೆ ಹೋಗಿಬರಲು ಬಸ್ ಚಾರ್ಜು, ಹಾಸಿಗೆ ಹಿಡಿದ ದಿನಗಳ ಕೂಲಿ, ಏಟು ಬೈಗುಳಗಳಿಲ್ಲದ ಮನೆ, ಸರ್ಕಾರಿ ಸೌಲಭ್ಯ ಪಡೆಯಲು ಬೇಕಾದ ಕಾಗದಪತ್ರ. ಇವು ಯಾವ ಔಷಧಿ ಅಂಗಡಿಯಲ್ಲೂ ಸಿಗುವುದಿಲ್ಲ. ಆದರೆ ಇವಿಲ್ಲದಿದ್ದರೆ ಅಂಗಡಿಯಿಂದ ತಂದ ಔಷಧಿಯೂ ಮೈಗೆ ಹತ್ತುವುದು ಕಷ್ಟ. ನಾಡಿ, ತೂಕ, ರಕ್ತದೊತ್ತಡ ನೋಡಿದಷ್ಟೇ ಸಹಜವಾಗಿ ರೋಗಿಯ ಈ ಕೊರತೆಗಳನ್ನೂ ಕೇಳಿ ತಿಳಿದುಕೊಳ್ಳುವುದು, ಚೀಟಿಯಲ್ಲಿ ಬರೆದುಕೊಳ್ಳುವುದು, ಸಾಧ್ಯವಾದಷ್ಟನ್ನು ಒದಗಿಸಿಕೊಡುವುದು ಆಸ್ಪತ್ರೆಯ ಮಾಮೂಲಿ ಕೆಲಸವೇ ಆಗಬೇಕು ಎಂಬ ಪದ್ಧತಿ ಕಳೆದ ನೂರಿಪ್ಪತ್ತು ವರ್ಷಗಳಲ್ಲಿ ಬೇರೆ ಬೇರೆ ದೇಶಗಳಲ್ಲಿ ಬೇರೆ ಬೇರೆ ಹೆಸರಿನಲ್ಲಿ ಬೆಳೆದಿದೆ.

ಬಡತನ, ಜಾತಿ, ವಿದ್ಯೆ, ಉದ್ಯೋಗಗಳು ಇಡೀ ಸಮಾಜದ ಆರೋಗ್ಯವನ್ನು ಹೇಗೆ ರೂಪಿಸುತ್ತವೆ ಎಂಬುದು ಬೇರೆಯೇ ಆದ, ಇನ್ನೂ ದೊಡ್ಡ ವಿಷಯ. ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲಿ ಮೈಕಲ್ ಮಾರ್ಮಟ್ ಅವರ ಅಧ್ಯಕ್ಷತೆಯಲ್ಲಿ ನೇಮಿಸಿದ ಆಯೋಗ 2008ರಲ್ಲಿ ಕೊಟ್ಟ ವರದಿ ಅದನ್ನು ಕುರಿತದ್ದು. ಅಲ್ಲಿ ಬೇಕಾದದ್ದು ಕಾನೂನು, ತೆರಿಗೆ, ಭೂಮಿ, ಶಾಲೆಗಳ ಬದಲಾವಣೆ. ಈ ಲೇಖನದ ವಿಷಯ ಅಷ್ಟು ವಿಶಾಲವಲ್ಲ. ವೈದ್ಯರ ಮೇಜಿನ ಎದುರಿನ ಸ್ಟೂಲಿನ ಮೇಲೆ ಈಗ ಕೂತಿರುವ ಒಬ್ಬ ರೋಗಿ ಇಂದು ಸಂಜೆ ಮನೆಗೆ ಹೋಗಿ ಏನು ಉಣ್ಣುತ್ತಾನೆ, ನಾಳೆ ಮತ್ತೆ ಬರಲು ಅವನ ಕೈಯಲ್ಲಿ ಕಾಸಿದೆಯೇ ಎಂಬುದಷ್ಟೇ ಇಲ್ಲಿನ ಪ್ರಶ್ನೆ.

ಈ ಪ್ರಶ್ನೆಗೆ ಅತ್ಯಂತ ನೇರವಾದ ಉತ್ತರ ಸಿಕ್ಕಿದ್ದು ಅಮೆರಿಕದ ಮಿಸಿಸಿಪ್ಪಿ ರಾಜ್ಯದ ಮೌಂಡ್ ಬಯೂ ಎಂಬ ಪುಟ್ಟ ಊರಿನಲ್ಲಿ. ಹತ್ತಿಯ ಹೊಲಗಳಿಂದ ತುಂಬಿದ ಆ ಸೀಮೆಗೆ ಹತ್ತಿ ಬಿಡಿಸುವ ಯಂತ್ರಗಳು ಬಂದು, ಪಾಲಿಗೆ ದುಡಿಯುತ್ತಿದ್ದ ಕಪ್ಪು ಜನರ ಕೆಲಸ ಹೋಗಿತ್ತು. 1967ರಲ್ಲಿ ಟಫ್ಟ್ಸ್ ವಿಶ್ವವಿದ್ಯಾಲಯದ ಆಶ್ರಯದಲ್ಲಿ ವೈದ್ಯ ಜ್ಯಾಕ್ ಗೈಗರ್ ಮತ್ತು ಸಂಗಡಿಗರು ಅಲ್ಲಿ ಡೆಲ್ಟಾ ಹೆಲ್ತ್ ಸೆಂಟರ್ ತೆರೆದಾಗ, ಬರುತ್ತಿದ್ದ ಮಕ್ಕಳಲ್ಲಿ ಕಾಯಿಲೆಗಿಂತ ಹೆಚ್ಚಾಗಿ ಕಂಡದ್ದು ಹಸಿವು. ಭೇದಿ, ಸೋಂಕು ಎಂದು ಬಂದ ಮಗುವಿಗೆ ಔಷಧಿ ಕೊಟ್ಟು ಕಳಿಸಿದರೆ ಅದೇ ಮಗು ಇನ್ನಷ್ಟು ಬಡಕಲಾಗಿ ಮರಳುತ್ತಿತ್ತು. ವೈದ್ಯರು ಔಷಧಿ ಚೀಟಿಯಲ್ಲೇ ಹಾಲು, ಮಾಂಸ, ತರಕಾರಿ, ಹಣ್ಣು ಎಂದು ಬರೆಯತೊಡಗಿದರು. ಆ ಚೀಟಿಯನ್ನು ಹಿಡಿದು ಹೋದರೆ ಊರಿನ ದಿನಸಿ ಅಂಗಡಿಯವರು ಸಾಮಾನು ಕೊಡಬೇಕು, ಬಿಲ್ಲನ್ನು ಆಸ್ಪತ್ರೆಯ ಔಷಧಿ ವಿಭಾಗಕ್ಕೆ ಕಳಿಸಬೇಕು. ಇದು ಒಪ್ಪಂದ.

ಹಣ ಕೊಡುತ್ತಿದ್ದ ಫೆಡರಲ್ ಸರ್ಕಾರದ ಅಧಿಕಾರಿಗಳಿಗೆ ಇದು ಸರಿಕಾಣಲಿಲ್ಲ. ಔಷಧಿಗೆಂದು ಇಟ್ಟ ದುಡ್ಡನ್ನು ದಿನಸಿಗೆ ಖರ್ಚು ಮಾಡುವುದು ಹೇಗೆ ಎಂಬ ಆಕ್ಷೇಪ ಬಂತು. ಅಪೌಷ್ಟಿಕತೆಗೆ ವೈದ್ಯಶಾಸ್ತ್ರದ ಪುಸ್ತಕಗಳು ಹೇಳುವ ಚಿಕಿತ್ಸೆ ಆಹಾರವೇ ಎಂದು ಗೈಗರ್ ಉತ್ತರಿಸಿದರು. ಆಕ್ಷೇಪ ಅಲ್ಲಿಗೆ ನಿಂತಿತು. ಆದರೆ ಅವರ ಕೆಲಸ ಚೀಟಿಗೆ ನಿಲ್ಲಲಿಲ್ಲ. ಜಾನ್ ಹ್ಯಾಚ್ ಎಂಬ ಸಂಘಟಕರ ನೇತೃತ್ವದಲ್ಲಿ ಬಾವಿ ತೋಡಿದರು, ಕಕ್ಕಸು ಕಟ್ಟಿದರು, ಕಿಟಕಿಗಳಿಗೆ ಜಾಲರಿ ಹಾಕಿದರು. ಹೊಲದ ಕೆಲಸ ಕೈಬಿಟ್ಟುಹೋಗಿದ್ದ ಕುಟುಂಬಗಳು ಸೇರಿ ಸಹಕಾರಿ ಬೇಸಾಯ ಆರಂಭಿಸಿ, ಹತ್ತಿಯ ಬದಲು ತಮಗೆ ಉಣ್ಣಲು ಬೇಕಾದ ಕಾಳು, ತರಕಾರಿ ಬೆಳೆದವು. ಅಮೆರಿಕದಲ್ಲಿ ಇಂದು ಕೋಟಿಗಟ್ಟಲೆ ಬಡವರಿಗೆ ಚಿಕಿತ್ಸೆ ನೀಡುತ್ತಿರುವ ಸಮುದಾಯ ಆರೋಗ್ಯ ಕೇಂದ್ರಗಳ ಜಾಲ ಬೆಳೆದದ್ದು ಈ ಕೇಂದ್ರದಿಂದ ಮತ್ತು 1965ರಲ್ಲಿ ಗೈಗರ್ ಅವರೇ ಕೌಂಟ್ ಗಿಬ್ಸನ್ ಜೊತೆಗೂಡಿ ಬಾಸ್ಟನ್ನಿನ ಕೊಲಂಬಿಯಾ ಪಾಯಿಂಟ್‌ನಲ್ಲಿ ತೆರೆದ ಇನ್ನೊಂದು ಕೇಂದ್ರದಿಂದ.

ಗೈಗರ್ ಇದನ್ನು ಕಲಿತದ್ದು ದಕ್ಷಿಣ ಆಫ್ರಿಕದಲ್ಲಿ. ಅಲ್ಲಿನ ನಟಾಲ್ ಪ್ರಾಂತದ ಫೊಲೇಲಾ ಎಂಬಲ್ಲಿ ಸಿಡ್ನಿ ಕಾರ್ಕ್ ಮತ್ತು ಎಮಿಲಿ ಕಾರ್ಕ್ ದಂಪತಿ 1940ರಲ್ಲಿ ಆರೋಗ್ಯ ಕೇಂದ್ರ ಆರಂಭಿಸಿದ್ದರು. ಮನೆಮನೆಗೆ ಹೋಗಿ ಯಾರ ಮನೆಯಲ್ಲಿ ಏನು ಬೆಳೆಯುತ್ತಾರೆ, ಏನು ತಿನ್ನುತ್ತಾರೆ, ನೀರು ಎಲ್ಲಿಂದ ತರುತ್ತಾರೆ ಎಂದು ಬರೆದುಕೊಂಡು, ಅದರಂತೆ ಹಿತ್ತಲಿನಲ್ಲಿ ತರಕಾರಿ ಬೆಳೆಸುವುದನ್ನೂ ಮಗುವಿನ ಜ್ವರಕ್ಕೆ ಮದ್ದು ಕೊಡುವುದನ್ನೂ ಒಂದೇ ಕೆಲಸವೆಂದು ನಡೆಸಿದರು. ವಿದ್ಯಾರ್ಥಿಯಾಗಿದ್ದ ಗೈಗರ್ 1957ರಲ್ಲಿ ಅಲ್ಲಿ ಕೆಲವು ತಿಂಗಳು ಕಳೆದರು. ವರ್ಣಭೇದದ ಸರ್ಕಾರ ಈ ಪ್ರಯೋಗವನ್ನು ಉಸಿರುಗಟ್ಟಿಸಿತು. ಕಾರ್ಕ್ ದಂಪತಿ ದೇಶ ಬಿಟ್ಟರು.

ಇನ್ನೂ ಹಿಂದಕ್ಕೆ ಹೋದರೆ 1848 ಸಿಗುತ್ತದೆ. ಅಪ್ಪರ್ ಸೈಲೀಸಿಯಾದಲ್ಲಿ ಹರಡಿದ್ದ ಟೈಫಸ್ ಜ್ವರದ ತನಿಖೆಗೆ ಹೋದ ಜರ್ಮನಿಯ ಯುವ ವೈದ್ಯ ರುಡಾಲ್ಫ್ ವಿರ್ಚೋ ಅಲ್ಲಿನ ಜನರಿಗೆ ಶಿಕ್ಷಣ, ರಸ್ತೆ, ಬೇಸಾಯದ ಸುಧಾರಣೆ, ಸ್ವಂತ ಆಡಳಿತ ಬೇಕೆಂದು ವರದಿ ಕೊಟ್ಟರು. ಅದು ವೈದ್ಯರೊಬ್ಬರ ರಾಜಕೀಯ ಬೇಡಿಕೆ. ಆಸ್ಪತ್ರೆಯ ಗೋಡೆಗಳ ಒಳಗೆ ಈ ಕೆಲಸಕ್ಕೆಂದೇ ಒಬ್ಬರನ್ನು ನೇಮಿಸಿದ್ದು ಮಾತ್ರ ಮುಂದಿನ ತಲೆಮಾರಿನಲ್ಲಿ.

1895ರಲ್ಲಿ ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆ ಮೇರಿ ಸ್ಟುವರ್ಟ್ ಎಂಬುವರನ್ನು ನೇಮಿಸಿಕೊಂಡಿತು. ಅವರಿಗೆ ವಹಿಸಿದ ಕೆಲಸದಲ್ಲಿ ಎರಡು ಮುಖಗಳಿದ್ದವು. ದುಡ್ಡು ಕೊಡಬಲ್ಲವರು ಧರ್ಮಾರ್ಥ ಚಿಕಿತ್ಸೆ ಪಡೆಯುತ್ತಿದ್ದಾರೆಯೇ ಎಂದು ಪತ್ತೆಹಚ್ಚುವುದು ಒಂದು. ನಿಜವಾಗಿ ಬಡವರಾದವರನ್ನು ನೆರವು ಸಿಗುವ ಕಡೆಗೆ ಕಳಿಸುವುದು ಇನ್ನೊಂದು. ಬಾಗಿಲು ಕಾಯುವವರೂ ಅವರೇ, ಕೈಹಿಡಿದು ಒಳಗೆ ಕರೆದೊಯ್ಯುವವರೂ ಅವರೇ. ಈ ಇಬ್ಬಂದಿ ಆ ವೃತ್ತಿಯನ್ನು ಇಂದಿಗೂ ಬಿಟ್ಟಿಲ್ಲ. ನಮ್ಮ ದೊಡ್ಡ ಸರ್ಕಾರಿ ಆಸ್ಪತ್ರೆಗಳಲ್ಲಿ ಸಮಾಜ ಕಾರ್ಯಕರ್ತರ ಕೋಣೆ ಎಂದರೆ ಬಹುತೇಕ ರೋಗಿಗಳಿಗೆ ಬಿಪಿಎಲ್ ಕಾರ್ಡು ತೋರಿಸಿ ರಿಯಾಯಿತಿಯ ಸೀಲು ಹಾಕಿಸಿಕೊಳ್ಳುವ ಜಾಗ ಎಂದೇ ಗೊತ್ತು.

ಹತ್ತು ವರ್ಷಗಳ ನಂತರ, 1905ರಲ್ಲಿ, ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ವೈದ್ಯ ರಿಚರ್ಡ್ ಕ್ಯಾಬಟ್ ಇದನ್ನು ಚಿಕಿತ್ಸೆಯ ಕಡೆಯಿಂದಲೇ ಆರಂಭಿಸಿದರು. ದಿನಗೂಲಿಯ ಮೇಲೆ ಬದುಕುವವನಿಗೆ ವಿಶ್ರಾಂತಿ ತೆಗೆದುಕೋ ಎಂದು ಹೇಳಿ ಕಳಿಸುವುದರಲ್ಲಿ ಅರ್ಥವಿಲ್ಲ ಎಂಬುದು ಅವರಿಗೆ ಹೊರರೋಗಿ ವಿಭಾಗದಲ್ಲೇ ಮನದಟ್ಟಾಗಿತ್ತು. ಮೊದಲು ಗಾರ್ನೆಟ್ ಪೆಲ್ಟನ್, ಅನಂತರ ಇಡಾ ಕ್ಯಾನನ್ ಈ ಕೆಲಸಕ್ಕೆ ಬಂದರು. ಕೂರಲು ಸಿಕ್ಕಿದ್ದು ಕಾರಿಡಾರಿನ ಒಂದು ಮೂಲೆ. ಆರಂಭದ ವರ್ಷಗಳಲ್ಲಿ ಸಂಬಳದ ಹಣ ಆಸ್ಪತ್ರೆಯಿಂದ ಬರಲಿಲ್ಲ, ಕ್ಯಾಬಟ್ ಹೊರಗಿನಿಂದ ಹೊಂದಿಸಿದರು. ಕ್ಯಾನನ್ ದಶಕಗಳ ಕಾಲ ಆ ವಿಭಾಗವನ್ನು ಕಟ್ಟಿ, ಅದೊಂದು ಸ್ವತಂತ್ರ ವೃತ್ತಿಯೆಂದು ಜಗತ್ತು ಒಪ್ಪುವಂತೆ ಮಾಡಿದರು.

ಭಾರತದಲ್ಲಿ ಈ ವೃತ್ತಿಯ ಬೇರು ಮುಂಬಯಿಯಲ್ಲಿದೆ. 1936ರಲ್ಲಿ ಸರ್ ದೊರಾಬ್ಜಿ ಟಾಟಾ ಹೆಸರಿನಲ್ಲಿ ಸಮಾಜ ಕಾರ್ಯದ ಶಾಲೆ ಆರಂಭವಾಯಿತು. 1946ರಲ್ಲಿ ಜೆ.ಜೆ. ಆಸ್ಪತ್ರೆಯಲ್ಲಿ ದೇಶದ ಮೊದಲ ವೈದ್ಯಕೀಯ ಸಮಾಜ ಕಾರ್ಯಕರ್ತರ ನೇಮಕವಾಯಿತು. ದೇಶದ ಆರೋಗ್ಯ ವ್ಯವಸ್ಥೆಯ ಕುರಿತು ಅದೇ ವರ್ಷ ಬಂದ ಭೋರ್ ಸಮಿತಿಯ ವರದಿ ರೋಗಿಯ ಮನೆ, ಊಟ, ದುಡಿಮೆಗಳನ್ನು ಬಲ್ಲ 'ಸಾಮಾಜಿಕ ವೈದ್ಯ'ರು ದೇಶಕ್ಕೆ ಬೇಕೆಂದಿತು. ಆದರೆ ವೃತ್ತಿಪರರ ವಲಯದ ಹೊರಗೆ, ಜನಸಾಮಾನ್ಯರ ನಡುವೆಯೂ ಇದು ನಡೆದಿತ್ತು ಎಂಬುದನ್ನು ಮರೆಯಬಾರದು. ಪೊರಕೆ ಹಿಡಿದು ಊರೂರು ಗುಡಿಸುತ್ತಾ ಕೀರ್ತನೆ ಮಾಡುತ್ತಿದ್ದ ಮಹಾರಾಷ್ಟ್ರದ ಸಂತ ಗಾಡಗೆ ಮಹಾರಾಜರು ಮುಂಬಯಿಗೆ ಚಿಕಿತ್ಸೆಗೆಂದು ಬಂದ ರೋಗಿಗಳು ಮತ್ತು ಅವರ ಮನೆಯವರಿಗಾಗಿ ಧರ್ಮಶಾಲೆ ಕಟ್ಟಿಸಿದರು. ವಾರ್ಡಿನೊಳಗೆ ರೋಗಿಗೆ ಮಂಚ ಸಿಕ್ಕರೂ ಜೊತೆಗೆ ಬಂದವರು ಮಲಗುವುದೆಲ್ಲಿ, ಅಡುಗೆ ಮಾಡಿಕೊಳ್ಳುವುದೆಲ್ಲಿ ಎಂದು ಯೋಚಿಸಿದವರು ಅವರು.

ಕ್ಷಯರೋಗದ ಕಥೆಯಲ್ಲಿ ಮಾತ್ರ ಭಾರತ ಒಂದು ಹಾದಿ ಹಿಡಿದು, ಅದರಿಂದ ದೂರ ಸರಿದು, ಅರವತ್ತು ವರ್ಷಗಳ ನಂತರ ಮತ್ತೆ ಅಲ್ಲಿಗೇ ಬಂದಿದೆ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ಔಷಧಿ ಇಲ್ಲದ ಕಾಲದಲ್ಲಿ ಕ್ಷಯಕ್ಕೆ ಒಳ್ಳೆಯ ಊಟ, ಗಾಳಿ, ವಿಶ್ರಾಂತಿಯೇ ಚಿಕಿತ್ಸೆಯಾಗಿತ್ತು. ಮದನಪಲ್ಲಿಯಂಥ ಊರುಗಳ ಸ್ಯಾನಟೋರಿಯಂಗಳು ನಡೆಯುತ್ತಿದ್ದದ್ದೇ ಹಾಗೆ. 1950ರ ದಶಕದಲ್ಲಿ ಪರಿಣಾಮಕಾರಿ ಔಷಧಿ ಬಂದಾಗ, ಲಕ್ಷಾಂತರ ರೋಗಿಗಳಿಗೆ ಅಷ್ಟು ಮಂಚಗಳನ್ನು ಎಲ್ಲಿಂದ ತರುವುದು ಎಂಬ ಪ್ರಶ್ನೆ ಎದ್ದಿತು. ಮದರಾಸಿನಲ್ಲಿ 1956ರಿಂದ ನಡೆದ ಪ್ರಸಿದ್ಧ ಅಧ್ಯಯನದಲ್ಲಿ ಕೆಲವು ರೋಗಿಗಳನ್ನು ಸ್ಯಾನಟೋರಿಯಂನಲ್ಲಿ, ಇನ್ನು ಕೆಲವರನ್ನು ಅವರವರ ಇಕ್ಕಟ್ಟಿನ ಮನೆಗಳಲ್ಲೇ ಇಟ್ಟು ಒಂದೇ ಔಷಧಿ ಕೊಟ್ಟರು. ಮನೆಯಲ್ಲಿದ್ದವರ ಊಟ ಕಳಪೆಯಾಗಿತ್ತು, ವಿಶ್ರಾಂತಿ ಕಡಿಮೆಯಿತ್ತು. ಆದರೂ ಇಬ್ಬರೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಗುಣವಾದರು. ಈ ಫಲಿತಾಂಶ ಜಗತ್ತಿನ ಕ್ಷಯ ಚಿಕಿತ್ಸೆಯ ದಿಕ್ಕನ್ನೇ ಬದಲಿಸಿತು, ಬಡ ದೇಶಗಳಿಗೆ ದೊಡ್ಡ ಉಪಕಾರವನ್ನೇ ಮಾಡಿತು. ಆದರೆ ಅದರ ಬೆನ್ನಿಗೇ ಇನ್ನೊಂದು ತಿಳಿವಳಿಕೆಯೂ ಬೇರೂರಿತು: ಮಾತ್ರೆ ಸರಿಯಾಗಿ ನುಂಗಿದರೆ ಸಾಕು, ಊಟದ ವಿಚಾರ ಕಾರ್ಯಕ್ರಮದ್ದಲ್ಲ.

ಅದೇ ಹೊತ್ತಿಗೆ ಬೆಂಗಳೂರಿನಲ್ಲಿ 1959ರಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಹುಟ್ಟಿತು. ಅಲ್ಲಿನ ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆ್ಯಂಡರ್ಸನ್ 1963ರಲ್ಲಿ ಪ್ರಕಟಿಸಿದ ಅಧ್ಯಯನ ಹಳ್ಳಿಗಳ ಕ್ಷಯರೋಗಿಗಳ ಬಗ್ಗೆ ಇದ್ದ ಒಂದು ನಂಬಿಕೆಯನ್ನು ಮುರಿಯಿತು. ಹಳ್ಳಿಯವರಿಗೆ ಅರಿವಿಲ್ಲ, ಅದಕ್ಕೇ ಆಸ್ಪತ್ರೆಗೆ ಬರುವುದಿಲ್ಲ ಎಂದು ತಿಳಿಯಲಾಗಿತ್ತು. ವಾಸ್ತವದಲ್ಲಿ ಬಹುಪಾಲು ರೋಗಿಗಳಿಗೆ ತಮ್ಮ ಮೈ ಕೆಟ್ಟಿರುವುದು ಗೊತ್ತಿತ್ತು, ಅರ್ಧಕ್ಕೂ ಹೆಚ್ಚು ಜನ ಆಸ್ಪತ್ರೆಯ ಬಾಗಿಲಿಗೂ ಹೋಗಿದ್ದರು. ಅಲ್ಲಿ ಕೆಮ್ಮಿನ ಔಷಧಿ ಕೊಟ್ಟು ವಾಪಸು ಕಳಿಸಲಾಗಿತ್ತು. ತಪ್ಪು ರೋಗಿಯದಲ್ಲ, ಕೌಂಟರಿನ ಈಚೆಯದು ಎಂದು ಅಂಕಿಅಂಶದ ಸಮೇತ ತೋರಿಸಿದ ಈ ಕೆಲಸಕ್ಕೆ ಕರ್ನಾಟಕದಲ್ಲಿ ಸಿಗಬೇಕಾದಷ್ಟು ಮನ್ನಣೆ ಇನ್ನೂ ಸಿಕ್ಕಿಲ್ಲ.

ಊಟದ ಪ್ರಶ್ನೆಯನ್ನು ಮತ್ತೆ ಕೈಗೆತ್ತಿಕೊಂಡವರಲ್ಲಿ ಮುಖ್ಯರು ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಡಾ. ಮಾಧವಿ ಭಾರ್ಗವ. ಇಬ್ಬರೂ ಮೊದಲು ಛತ್ತೀಸಗಢದ ಗನಿಯಾರಿಯಲ್ಲಿ ಜನ ಸ್ವಾಸ್ಥ್ಯ ಸಹಯೋಗ್ ಎಂಬ ಸಂಸ್ಥೆಯ ಜೊತೆ ದುಡಿದವರು. ಅಲ್ಲಿಗೆ ಬರುತ್ತಿದ್ದ ಕ್ಷಯರೋಗಿಗಳ ತೂಕ ನೋಡಿಯೇ ಅವರಿಗೆ ಈ ಪ್ರಶ್ನೆ ಹುಟ್ಟಿತು. 2019ರ ಆಗಸ್ಟ್‌ನಿಂದ ಜಾರ್ಖಂಡದ ನಾಲ್ಕು ಜಿಲ್ಲೆಗಳಲ್ಲಿ 2,800 ರೋಗಿಗಳು ಮತ್ತು ಅವರ ಮನೆಯ 10,345 ಜನರನ್ನು ಸೇರಿಸಿಕೊಂಡು ಅವರು 'ರೇಷನ್ಸ್' ಎಂಬ ಹೆಸರಿನ ಪ್ರಯೋಗ ನಡೆಸಿದರು. ಸೇರಿಕೊಂಡ ರೋಗಿಗಳಲ್ಲಿ ಐವರಲ್ಲಿ ನಾಲ್ವರಿಗಿಂತ ಹೆಚ್ಚು ಜನ ಇರಬೇಕಾದದ್ದಕ್ಕಿಂತ ಕಡಿಮೆ ತೂಕದವರು. ಅರ್ಧದಷ್ಟು ಜನ ತೀವ್ರವಾಗಿ ಸೊರಗಿದವರು.

ಪ್ರತಿ ರೋಗಿಗೂ ತಿಂಗಳಿಗೆ 10 ಕಿಲೋ ತೂಕದ ಚೀಲ: ಅಕ್ಕಿ, ಬೇಳೆ, ಹಾಲಿನ ಪುಡಿ, ಎಣ್ಣೆ. ಜೊತೆಗೆ ವಿಟಮಿನ್ ಮಾತ್ರೆ. ಆರು ತಿಂಗಳು ಇದು ಎಲ್ಲ ರೋಗಿಗಳಿಗೂ ಸಿಕ್ಕಿತು. ಅರ್ಧ ಪ್ರದೇಶಗಳಲ್ಲಿ ಮಾತ್ರ ಮನೆಯ ಉಳಿದವರಿಗೂ ತಲೆಗೆ 5 ಕಿಲೋ ಅಕ್ಕಿ, ಒಂದೂವರೆ ಕಿಲೋ ತೊಗರಿಬೇಳೆ ಕೊಟ್ಟರು. ರೋಗಿಯೊಬ್ಬನಿಗೇ ಎಂದು ಕೊಟ್ಟ ಅಕ್ಕಿಯನ್ನು ಹಸಿದ ಮಕ್ಕಳಿರುವ ಮನೆಯಲ್ಲಿ ಅವನೊಬ್ಬನೇ ಉಣ್ಣುವುದಿಲ್ಲ ಎಂಬುದು ಯಾವ ತಾಯಿಗಾದರೂ ಗೊತ್ತಿರುವ ಮಾತು. ಪ್ರಯೋಗದ ವಿನ್ಯಾಸದಲ್ಲೂ ಅದು ಸೇರಿತ್ತು ಎನ್ನುವುದೇ ಇದರ ಹೆಚ್ಚುಗಾರಿಕೆ.

2023ರ ಆಗಸ್ಟ್‌ನಲ್ಲಿ ಲ್ಯಾನ್ಸೆಟ್ ಪತ್ರಿಕೆಗಳಲ್ಲಿ ಫಲಿತಾಂಶ ಬಂತು. ಮನೆಮಂದಿಗೆಲ್ಲ ಆಹಾರ ಸಿಕ್ಕ ಕಡೆ ಆ ಮನೆಗಳಲ್ಲಿ ಹೊಸದಾಗಿ ಕ್ಷಯ ಬರುವುದು ಶೇ 39ರಷ್ಟು ಇಳಿದಿತ್ತು. ಕಫ ಪರೀಕ್ಷೆಯಂಥ ಪ್ರಯೋಗಾಲಯದ ತಪಾಸಣೆಯಲ್ಲಿ ಖಚಿತವಾದ ಶ್ವಾಸಕೋಶದ ಕ್ಷಯವನ್ನು ಮಾತ್ರ ಲೆಕ್ಕ ಹಾಕಿದರೆ ಇಳಿಕೆ ಶೇ 48. ರೋಗಿಗಳ ಪೈಕಿ, ಮೊದಲ ಎರಡು ತಿಂಗಳಲ್ಲಿ ತೂಕ ಶೇ 5ರಷ್ಟು ಏರಿದವರಲ್ಲಿ ಸಾವಿನ ಅಪಾಯ ಶೇ 60ರ ಸುಮಾರು ಕಡಿಮೆಯಿತ್ತು. 40 ಕಿಲೋ ತೂಗುವವರಿಗೆ ಶೇ 5 ಎಂದರೆ ಎರಡೇ ಕಿಲೋ. ಮದರಾಸಿನ ಹಳೆಯ ಅಧ್ಯಯನ ಸುಳ್ಳಾಗಲಿಲ್ಲ. ಅದು ಕೇಳಿದ್ದು ಔಷಧಿ ಮನೆಯಲ್ಲಿ ಕೆಲಸ ಮಾಡುತ್ತದೆಯೇ ಎಂದು. ಮನೆಯ ಉಳಿದವರನ್ನು ರೋಗದಿಂದ ಕಾಯುವುದು ಹೇಗೆ ಎಂಬುದು ಇಲ್ಲಿ ಕೇಳಿದ ಪ್ರಶ್ನೆ.

ಇಂಥದ್ದೇ ಪಾಠ ಹೈಟಿಯ ಕಾಂಜ್ ಹಳ್ಳಿಯಲ್ಲೂ ಸಿಕ್ಕಿತ್ತು. ಪಾಲ್ ಫಾರ್ಮರ್ ಮತ್ತು ಸಂಗಡಿಗರು 1980ರ ದಶಕದ ಕೊನೆಯಲ್ಲಿ ಕ್ಷಯರೋಗಿಗಳ ಒಂದು ಗುಂಪಿಗೆ ಔಷಧಿಯನ್ನಷ್ಟೇ ಕೊಟ್ಟರು. ಇನ್ನೊಂದು ಗುಂಪಿಗೆ ಔಷಧಿಯ ಜೊತೆ ಆಹಾರ, ಸ್ವಲ್ಪ ಹಣ, ಪ್ರಯಾಣದ ಖರ್ಚು ಮತ್ತು ಊರಿನವರೇ ಆದ ಆರೋಗ್ಯ ಕಾರ್ಯಕರ್ತರ ಭೇಟಿ. ಎರಡನೆಯ ಗುಂಪಿನವರೆಲ್ಲರೂ ಗುಣವಾದರು. ಮೊದಲ ಗುಂಪಿನಲ್ಲಿ ಗುಣವಾದದ್ದು ಸುಮಾರು ಅರ್ಧದಷ್ಟು ಜನ. ರೋಗಿ ಮಾತ್ರೆ ಬಿಟ್ಟದ್ದು ಮೂಢನಂಬಿಕೆಯಿಂದ ಎಂದು ಹೇಳುವುದು ಅಲ್ಲಿಂದಾಚೆಗೆ ಸುಲಭವಾಗಿ ಉಳಿಯಲಿಲ್ಲ.

ಬ್ರೆಜಿಲ್‌ನ ರಿಯೊ ಡಿ ಜನೈರೊದಲ್ಲಿ ಸಮಸ್ಯೆ ಇನ್ನೊಂದು ರೂಪದಲ್ಲಿ ಬಂತು. ಲಾಗೋವಾ ಎಂಬ ಸರ್ಕಾರಿ ಆಸ್ಪತ್ರೆಯಲ್ಲಿ ದುಡಿಯುತ್ತಿದ್ದ ವೈದ್ಯೆ ವೆರಾ ಕಾರ್ಡೇರೊ, ನ್ಯುಮೋನಿಯಾದಿಂದ ಗುಣವಾಗಿ ಮನೆಗೆ ಹೋದ ಮಕ್ಕಳು ಅದೇ ಕಾಯಿಲೆ ಹಿಡಿದು ಮತ್ತೆ ಮತ್ತೆ ಬರುವುದನ್ನು ಕಂಡರು. ಮಗು ಮಲಗುತ್ತಿದ್ದದ್ದು ಸೋರುವ ಚಾವಣಿಯ ಕೆಳಗೆ, ಮಣ್ಣಿನ ನೆಲದ ಮೇಲೆ. 1991ರಲ್ಲಿ ಅವರು ಆರಂಭಿಸಿದ ಸೌಜೆ ಕ್ರಿಯಾಂಸ ಎಂಬ ಸಂಸ್ಥೆ ಪ್ರತಿ ಕುಟುಂಬದ ಜೊತೆ ಕೂತು ಎರಡು ವರ್ಷಗಳ ಯೋಜನೆ ಮಾಡುತ್ತದೆ. ಮಗುವಿನ ಆರೋಗ್ಯ, ಮನೆಯ ದುರಸ್ತಿ, ತಾಯಿಗೆ ಕಸುಬು, ಮಕ್ಕಳ ಶಾಲೆ, ಗುರುತಿನ ಕಾಗದಪತ್ರ ಎಲ್ಲವೂ ಅದರಲ್ಲಿ ಸೇರಿರುತ್ತವೆ. ಜಾರ್ಜ್‌ಟೌನ್ ವಿಶ್ವವಿದ್ಯಾಲಯದವರು ನಡೆಸಿದ ಮೌಲ್ಯಮಾಪನದ ಪ್ರಕಾರ ಈ ಮಕ್ಕಳು ಆಸ್ಪತ್ರೆಯಲ್ಲಿ ಕಳೆಯುತ್ತಿದ್ದ ದಿನಗಳು ಸರಾಸರಿ 62ರಿಂದ 9ಕ್ಕೆ ಇಳಿದವು. ಕುಟುಂಬ ಸಂಸ್ಥೆಯಿಂದ ಹೊರಬಂದು ಕೆಲವು ವರ್ಷಗಳಾದ ಮೇಲೆ ನೋಡಿದ ಲೆಕ್ಕ ಇದು ಎಂಬುದು ಗಮನಾರ್ಹ.

ಇತ್ತ ಬಾಸ್ಟನ್ನಿನಲ್ಲಿ ಮಕ್ಕಳ ವೈದ್ಯ ಬ್ಯಾರಿ ಜುಕರ್‌ಮನ್ 1993ರಲ್ಲಿ ಆಸ್ಪತ್ರೆಗೆ ವಕೀಲರನ್ನು ನೇಮಿಸಿಕೊಂಡರು. ಉಬ್ಬಸದ ಮಗುವಿಗೆ ಇನ್‌ಹೇಲರ್ ಎಷ್ಟು ಬದಲಿಸಿದರೂ ಗುಣ ಕಾಣದಿದ್ದಾಗ ವಿಚಾರಿಸಿದರೆ, ಬಾಡಿಗೆ ಮನೆಯ ಗೋಡೆಗೆಲ್ಲ ಬೂಷ್ಟು. ಮನೆಯೊಡೆಯ ರಿಪೇರಿ ಮಾಡಿಸುವುದಿಲ್ಲ. ವೈದ್ಯರ ಪತ್ರಕ್ಕೆ ಅಲುಗಾಡದ ಮನೆಯೊಡೆಯ ವಸತಿ ನಿಯಮಗಳನ್ನು ಉಲ್ಲೇಖಿಸಿದ ವಕೀಲರ ನೋಟಿಸಿಗೆ ಎದ್ದು ಕೂತ. ಆಸ್ಪತ್ರೆ ಮತ್ತು ವಕೀಲರ ಈ ಜೋಡಿ ಅನಂತರ ಅಮೆರಿಕದ ನೂರಾರು ಕಡೆ ಹಬ್ಬಿತು. 1996ರಲ್ಲಿ ಅದೇ ಜುಕರ್‌ಮನ್ ಜೊತೆ ಸೇರಿ ರೆಬೆಕಾ ಓನಿ ಎಂಬ ಕಾಲೇಜು ವಿದ್ಯಾರ್ಥಿನಿ ಮುಂದೆ ಹೆಲ್ತ್ ಲೀಡ್ಸ್ ಎಂದು ಹೆಸರಾದ ಸಂಸ್ಥೆ ಆರಂಭಿಸಿದರು. ರೋಗಿಗಳು ಕಾಯುವ ಜಾಗದಲ್ಲೇ ಒಂದು ಮೇಜು. ವೈದ್ಯರು ಆಹಾರ, ಚಳಿಗಾಲಕ್ಕೆ ಮನೆ ಬೆಚ್ಚಗಿಡುವ ಸೌಲಭ್ಯ ಎಂದೆಲ್ಲ ಬರೆದುಕೊಟ್ಟ ಚೀಟಿಯನ್ನು ಆ ಮೇಜಿಗೆ ತಂದರೆ, ವಿದ್ಯಾರ್ಥಿ ಸ್ವಯಂಸೇವಕರು ಸಂಬಂಧಪಟ್ಟ ಕಚೇರಿಗೆ ಫೋನು ಮಾಡಿ, ಅರ್ಜಿ ತುಂಬಿ, ಕೆಲಸ ಆಗುವ ತನಕ ಬೆನ್ನು ಹತ್ತುತ್ತಿದ್ದರು.

ಬೆನ್ನು ಹತ್ತುವುದು ಎಂಬುದೇ ಇಲ್ಲಿ ಮುಖ್ಯ. ನಂತರದ ದಶಕಗಳಲ್ಲಿ ಅಮೆರಿಕದ ಆಸ್ಪತ್ರೆಗಳು ಪ್ರಶ್ನೆ ಕೇಳುವುದನ್ನು ಚೆನ್ನಾಗಿ ಕಲಿತವು. ಹಸಿವನ್ನು ಗುರುತಿಸಲು 2010ರಲ್ಲಿ ರೂಪಿಸಿದ ಎರಡೇ ಪ್ರಶ್ನೆಗಳ ಪರೀಕ್ಷೆ ಎಲ್ಲೆಡೆ ಬಳಕೆಗೆ ಬಂತು. ಕಳೆದ 12 ತಿಂಗಳಲ್ಲಿ, ಮತ್ತೆ ದುಡ್ಡು ಕೈಗೆ ಬರುವ ಮೊದಲೇ ಮನೆಯ ದಿನಸಿ ಮುಗಿದುಹೋದೀತೆಂಬ ಚಿಂತೆ ಇತ್ತೇ? ತಂದ ದಿನಸಿ ಸಾಲದೆ, ಮತ್ತೆ ತರಲು ದುಡ್ಡಿಲ್ಲದ ಸ್ಥಿತಿ ಬಂದಿತ್ತೇ? ಯಾವುದಾದರೂ ಒಂದಕ್ಕೆ ಆಗಾಗ ಅಥವಾ ಯಾವಾಗಲಾದರೊಮ್ಮೆ ಎಂದು ಉತ್ತರ ಬಂದರೆ ಆ ಮನೆಯಲ್ಲಿ ಆಹಾರದ ಅಭದ್ರತೆ ಇದೆಯೆಂದು ಅರ್ಥ. 2017ರಲ್ಲಿ ಅಲ್ಲಿನ ಫೆಡರಲ್ ಸರ್ಕಾರ ಆರಂಭಿಸಿದ ದೊಡ್ಡ ಪ್ರಯೋಗದಲ್ಲಿ ವಸತಿ, ಆಹಾರ, ಸಾರಿಗೆ, ವಿದ್ಯುತ್ ಮತ್ತು ನೀರಿನಂಥ ಸೌಕರ್ಯ, ಮನೆಯೊಳಗಿನ ಸುರಕ್ಷತೆ ಎಂಬ ಐದು ವಿಷಯಗಳ ಬಗ್ಗೆ 10 ಲಕ್ಷಕ್ಕೂ ಹೆಚ್ಚು ಜನರನ್ನು ಕೇಳಲಾಯಿತು. ಅಗತ್ಯವಿದ್ದವರ ಪೈಕಿ ಬಹುತೇಕರು ನೆರವು ಬೇಕೆಂದೇ ಹೇಳಿದರು. ಮಾರ್ಗದರ್ಶನ ಪಡೆದ ಹಿರಿಯ ನಾಗರಿಕರು ತುರ್ತು ಚಿಕಿತ್ಸಾ ವಿಭಾಗಕ್ಕೆ ಬರುವುದು ಮೊದಲ ವರ್ಷದಲ್ಲಿ ಶೇ 9ರಷ್ಟು ಕಡಿಮೆಯಾಯಿತು. ಆದರೆ ಕೊರತೆ ನಿಜವಾಗಿ ನೀಗಿದ ಕುಟುಂಬಗಳು ಕಡಿಮೆ. ವಿಳಾಸ ಕೊಟ್ಟರೇನು, ಆ ವಿಳಾಸದಲ್ಲಿ ಖಾಲಿ ಮನೆ ಇರಬೇಕಲ್ಲ.

ಈ ಕ್ಷೇತ್ರಕ್ಕೆ ದೊಡ್ಡ ಪೆಟ್ಟು ಕೊಟ್ಟದ್ದು ನ್ಯೂಜೆರ್ಸಿಯ ಕ್ಯಾಮ್ಡೆನ್ ನಗರದ ಫಲಿತಾಂಶ. ವೈದ್ಯ ಜೆಫ್ರಿ ಬ್ರೆನರ್ ಅಲ್ಲಿ ಪದೇ ಪದೇ ಆಸ್ಪತ್ರೆ ಸೇರುವ, ಅಪಾರ ಖರ್ಚಿನ ರೋಗಿಗಳನ್ನು ಗುರುತಿಸಿ, ಮನೆಗೆ ಹೋಗಿ ಬದುಕನ್ನು ನೇರ್ಪುಗೊಳಿಸಲು ನೆರವಾಗುವ ತಂಡ ಕಟ್ಟಿದ್ದರು. 2011ರಲ್ಲಿ ಅತುಲ್ ಗವಾಂಡೆ ನ್ಯೂಯಾರ್ಕರ್ ಪತ್ರಿಕೆಯಲ್ಲಿ ಬರೆದ ಮೇಲೆ ಅದು ದೇಶವಿಡೀ ಮಾದರಿಯಾಯಿತು. ಆದರೆ 800 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ನಡೆಸಿದ ಪರೀಕ್ಷೆಯ ಫಲಿತಾಂಶ 2020ರ ಜನವರಿಯಲ್ಲಿ ಬಂದಾಗ, ಆರು ತಿಂಗಳೊಳಗೆ ಮತ್ತೆ ಆಸ್ಪತ್ರೆ ಸೇರಿದವರು ನೆರವು ಪಡೆದ ಗುಂಪಿನಲ್ಲಿ ಶೇ 62.3, ಪಡೆಯದವರಲ್ಲಿ ಶೇ 61.7. ವ್ಯತ್ಯಾಸವೇ ಇಲ್ಲ. ತೀರಾ ಹದಗೆಟ್ಟ ಸ್ಥಿತಿಯಲ್ಲಿರುವ ರೋಗಿಗಳನ್ನು ಆರಿಸಿಕೊಂಡರೆ ಅವರಲ್ಲಿ ಹಲವರು ತಾವಾಗಿಯೇ ಸ್ವಲ್ಪ ಸುಧಾರಿಸುತ್ತಾರೆ, ಹೋಲಿಸಿ ನೋಡಲು ಇನ್ನೊಂದು ಗುಂಪು ಇಲ್ಲದಿದ್ದರೆ ಅದೆಲ್ಲ ಕಾರ್ಯಕ್ರಮದ ಗೆಲುವಿನಂತೆ ಕಾಣುತ್ತದೆ ಎಂಬ ಸಂಖ್ಯಾಶಾಸ್ತ್ರದ ಪಾಠ ಇದರಿಂದ ಸಿಕ್ಕಿತು. ಆ ಪರೀಕ್ಷೆ ನಡೆಯಲು ಬಿಟ್ಟುಕೊಟ್ಟು, ಫಲಿತಾಂಶವನ್ನು ಮುಚ್ಚಿಡದೆ ಒಪ್ಪಿಕೊಂಡ ಕ್ಯಾಮ್ಡೆನ್ ತಂಡದ ಪ್ರಾಮಾಣಿಕತೆಯನ್ನು ಇಲ್ಲಿ ನೆನೆಯಲೇಬೇಕು.

ಜಾರ್ಖಂಡ, ರಿಯೊ, ಕ್ಯಾಮ್ಡೆನ್‌ಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ರೋಗಕ್ಕೂ ಕೊರತೆಗೂ ನೇರ ನಂಟಿರುವ ಕಡೆ, ಬೇಕಾದ ವಸ್ತುವನ್ನೇ ಕೈಗೆ ಕೊಟ್ಟಾಗ, ಬೇಗ ಹಾಗೂ ಸಾಕಷ್ಟು ದಿನ ಕೊಟ್ಟಾಗ ಫಲ ಸ್ಪಷ್ಟ. ಕುಡಿತ, ಮನೋರೋಗ, ಮನೆಯಿಲ್ಲದಿರುವಿಕೆ ಎಲ್ಲವೂ ಗೋಜಲಾಗಿ ವರ್ಷಗಳಾದ ಮೇಲೆ, ಮೂರು ತಿಂಗಳ ಓಡಾಟದಿಂದ ಆಗುವುದು ಕಡಿಮೆ.

ಅಮೆರಿಕದ ಉತ್ತರ ಕ್ಯಾರೊಲೈನಾ ರಾಜ್ಯ ಇದನ್ನು ಅರಿತೇ ಹೆಜ್ಜೆ ಇಟ್ಟಿತು. ಬಡವರ ಆರೋಗ್ಯ ವಿಮೆಯ ಹಣದಿಂದಲೇ ಆಹಾರದ ಪೆಟ್ಟಿಗೆ, ಮನೆಯ ರಿಪೇರಿ, ಪ್ರಯಾಣದ ವೆಚ್ಚ ಕೊಡುವ ಯೋಜನೆ 2022ರಲ್ಲಿ ಶುರುವಾಯಿತು. ಮೌಲ್ಯಮಾಪನದಲ್ಲಿ ಫಲಾನುಭವಿಗಳ ವೈದ್ಯಕೀಯ ಖರ್ಚು ತಲೆಗೆ ತಿಂಗಳಿಗೆ 85 ಡಾಲರಿನಷ್ಟು ತಗ್ಗಿದ್ದು ಕಂಡಿತು. ಆದರೂ ರಾಜ್ಯದ ಶಾಸಕಾಂಗ ಹಣ ಒದಗಿಸದ ಕಾರಣ 2025ರ ಜುಲೈನಲ್ಲಿ ಅದು ನಿಂತಿತು. ಬ್ರಿಟನ್ನಿನಲ್ಲಿ ಇದೇ ಕೆಲಸ 'ಸಾಮಾಜಿಕ ಔಷಧಿ ಚೀಟಿ' ಎಂಬರ್ಥದ ಹೆಸರಿನಲ್ಲಿ ನಡೆಯುತ್ತಿದೆ. ಲಂಡನ್ನಿನ ಪೂರ್ವ ಭಾಗದಲ್ಲಿ 1984ರಲ್ಲಿ ಆರಂಭವಾದ ಬ್ರೊಮ್ಲಿ ಬೈ ಬೋ ಕೇಂದ್ರ ಇದಕ್ಕೆ ಹಳೆಯ ಮಾದರಿ. 2019ರಲ್ಲಿ ಅಲ್ಲಿನ ರಾಷ್ಟ್ರೀಯ ಆರೋಗ್ಯ ಸೇವೆ ಇದಕ್ಕೆಂದೇ 1,000ಕ್ಕೂ ಹೆಚ್ಚು ಕಾರ್ಯಕರ್ತರನ್ನು ನೇಮಿಸುವ ಯೋಜನೆ ಪ್ರಕಟಿಸಿತು. ಒಂಟಿತನದಿಂದ ಬಳಲುವ ವೃದ್ಧರಿಗೆ ಇದರಿಂದ ಒಳ್ಳೆಯದಾಗಿದೆ. ಬಾಡಿಗೆ ಕಟ್ಟಲಾಗದವರಿಗೆ ತೋಟಗಾರಿಕೆಯ ಗುಂಪಿಗೆ ಸೇರಿ ಎನ್ನುವುದರಿಂದ ಏನಾದೀತು ಎಂದು ಗ್ಲಾಸ್ಗೊದ ಬಡ ಬಡಾವಣೆಗಳ ವೈದ್ಯರು ತಮ್ಮ ಕ್ಲಿನಿಕ್ಕಿನಲ್ಲೇ ಹಣಕಾಸಿನ ಸಲಹೆಗಾರರನ್ನು ಕೂರಿಸಿಕೊಂಡಿದ್ದಾರೆ.

ಭಾರತಕ್ಕೆ ಹೆಚ್ಚು ಹತ್ತಿರವಾದದ್ದು ಕೇರಳದ ಉಪಶಾಮಕ ಆರೈಕೆ. 1993ರಲ್ಲಿ ಕೋಳಿಕ್ಕೋಡಿನಲ್ಲಿ ಡಾ. ಎಂ.ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮತ್ತಿತರರು ಕ್ಯಾನ್ಸರ್ ರೋಗಿಗಳ ನೋವು ಶಮನಕ್ಕೆಂದು ಆರಂಭಿಸಿದ ಕೆಲಸ, ಮಲಪ್ಪುರಂ ಸೀಮೆಯಲ್ಲಿ ನೆರೆಹೊರೆಯವರೇ ನಡೆಸುವ ಜಾಲವಾಗಿ ಬೆಳೆಯಿತು. ನೋವಿಗೆ ಮಾರ್ಫಿನ್ ಕೊಡಲು ಹೋದ ನರ್ಸಿನ ಜೊತೆ ಸ್ವಯಂಸೇವಕರೂ ಹೋಗುತ್ತಾರೆ. ಒಲೆ ಹೊತ್ತಿದೆಯೇ, ಅಕ್ಕಿ ಡಬ್ಬದಲ್ಲಿ ಏನಿದೆ, ಮಕ್ಕಳು ಶಾಲೆಗೆ ಹೋಗುತ್ತಿದ್ದಾರೆಯೇ ಎಂದು ಅವರ ಕಣ್ಣು ನೋಡುತ್ತದೆ. ದುಡಿಯುವವನೇ ಮಲಗಿದ ಮನೆಗೆ ತಿಂಗಳ ಅಕ್ಕಿ, ಮಕ್ಕಳಿಗೆ ಪುಸ್ತಕ, ಹೆಂಡತಿಗೆ ಹೊಲಿಗೆಯಂಥ ಕೆಲಸ ಒದಗಿಸುವುದೂ ಆರೈಕೆಯ ಲೆಕ್ಕಕ್ಕೇ ಸೇರಿತು. ಅಂಗಡಿ, ಶಾಲೆ, ಬಸ್ಸುಗಳಲ್ಲಿ ಸಂಗ್ರಹವಾದ ಚಿಲ್ಲರೆ ಕಾಸಿನಿಂದ ಇದು ನಡೆಯಿತು. 2008ರಲ್ಲಿ ಕೇರಳ ಸರ್ಕಾರ ಇದನ್ನು ತನ್ನ ನೀತಿಯಾಗಿಸಿತು.

ಕರ್ನಾಟಕದಲ್ಲಿ ಇದರ ದೊಡ್ಡ ಉದಾಹರಣೆ ಬಿಳಿಗಿರಿರಂಗನ ಬೆಟ್ಟ. ಸೋಲಿಗರಿಗೆ ಚಿಕಿತ್ಸೆ ಕೊಡಲು ಬೆಟ್ಟ ಹತ್ತಿದ ಡಾ. ಎಚ್. ಸುದರ್ಶನ್ 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಆರಂಭಿಸಿದರು. ಕಾಡಿನ ಮೇಲಿನ ಹಕ್ಕು ಕಳೆದುಕೊಂಡವರಿಗೆ ಬರೀ ಮಾತ್ರೆ ಸಾಲದೆಂದು ಶಾಲೆ, ಕಸುಬಿನ ತರಬೇತಿ, ಕಿರು ಅರಣ್ಯೋತ್ಪನ್ನದ ಮಾರಾಟ, ಭೂಮಿಯ ಹಕ್ಕಿನ ಹೋರಾಟಗಳು ಆಸ್ಪತ್ರೆಯ ಸುತ್ತ ಬೆಳೆದವು.

ಸರ್ಕಾರಿ ವ್ಯವಸ್ಥೆಯೊಳಗೂ ಇಂಥ ತುಣುಕುಗಳು ಹಲವಿವೆ, ಒಂದಕ್ಕೊಂದು ಹೊಲಿಗೆ ಬಿದ್ದಿಲ್ಲ ಅಷ್ಟೆ. 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಹೆರಿಗೆಗೆ ಬಂದವರಿಗೆ ಆಸ್ಪತ್ರೆಯಲ್ಲೇ ಉಚಿತ ಊಟವಿದೆ, ಮನೆಗೆ ಬಿಡಲು ವಾಹನವಿದೆ. ಕರ್ನಾಟಕದಲ್ಲಿ ಆ ವಾಹನಕ್ಕೆ ನಗು-ಮಗು ಎಂದು ಹೆಸರು. 2017ರಲ್ಲಿ ಬಂದ ಮಾತೃಪೂರ್ಣ ಯೋಜನೆ ಗರ್ಭಿಣಿ ಬಾಣಂತಿಯರಿಗೆ ಅಂಗನವಾಡಿಯಲ್ಲಿ ಬಿಸಿಯೂಟ ಕೊಟ್ಟಿತು. ಇವುಗಳಲ್ಲೆಲ್ಲ ಹೆಚ್ಚು ಸೂಕ್ಷ್ಮವಾದದ್ದು ಪೌಷ್ಟಿಕ ಪುನಶ್ಚೇತನ ಕೇಂದ್ರಗಳ ಒಂದು ನಿಯಮ. ತೀವ್ರವಾಗಿ ಸೊರಗಿದ ಮಗುವನ್ನು ಎರಡು ವಾರದ ಹೊತ್ತು ಅಲ್ಲಿಟ್ಟುಕೊಂಡು ನೋಡಿಕೊಳ್ಳುವಾಗ ಜೊತೆಗಿರುವ ತಾಯಿಗೆ ಊಟದ ಜೊತೆ ಕೂಲಿ ನಷ್ಟಕ್ಕೂ ಹಣ ಕೊಡಲಾಗುತ್ತದೆ. ಮನೆಯಲ್ಲಿ ಇನ್ನಿಬ್ಬರು ಮಕ್ಕಳಿದ್ದಾರೆ, ನಾಳೆ ಕೂಲಿಗೆ ಹೋಗದಿದ್ದರೆ ಆಗದು ಎಂದು ತಾಯಿ ಮೂರನೆಯ ದಿನಕ್ಕೇ ಮಗುವನ್ನೆತ್ತಿಕೊಂಡು ಹೊರಡುವುದೇಕೆ ಎಂದು ನಿಯಮ ಬರೆದವರಿಗೆ ಗೊತ್ತಿತ್ತು.

ಇಷ್ಟಾದರೂ ಸಾಮಾನ್ಯ ಓಪಿಡಿಯಲ್ಲಿ ಈ ಪ್ರಶ್ನೆಗಳು ಕೇಳಿಬರುವುದು ಅಪರೂಪ. ನೂರು ಜನರ ಸಾಲು ನೋಡಬೇಕಾದ ವೈದ್ಯರಿಗೆ ಪುರುಸೊತ್ತಿಲ್ಲ ಎಂಬುದು ನಿಜ. ಕೇಳಿದರೂ ಕೊಡುವುದೇನು ಎಂಬ ಸಂಕೋಚವೂ ನಿಜ. ಹಾಗಾಗಿ ಸಕ್ಕರೆ ಕಾಯಿಲೆಯವರಿಗೆ ಇನ್ಸುಲಿನ್ ಬರೆದುಕೊಟ್ಟು ಫ್ರಿಜ್ಜಿನಲ್ಲಿಡಿ ಎಂದು ಹೇಳಿ ಕಳಿಸುತ್ತಾರೆ. ಮನೆಯಲ್ಲಿ ಫ್ರಿಜ್ ಇದೆಯೇ ಎಂದು ಕೇಳಿದ್ದರೆ, ನೀರು ಹಾಕಿದ ಮಣ್ಣಿನ ಮಡಕೆಯಲ್ಲಿ ತಂಪಾಗಿಡುವ ಕ್ರಮವನ್ನು ಎರಡು ನಿಮಿಷದಲ್ಲಿ ಹೇಳಿಕೊಡಬಹುದಿತ್ತು. ಕೇಳುವ ಬಗೆಯಲ್ಲೂ ಎಚ್ಚರ ಬೇಕು. ಎಲ್ಲರೆದುರು 'ಮನೇಲಿ ಊಟಕ್ಕಿದೆಯಾ' ಎಂದರೆ ಮಾನವಂತರು ಇದೆ ಎಂದೇ ಹೇಳುತ್ತಾರೆ. ಮನೆಯಲ್ಲಿ ಹೊಡೆಯುತ್ತಾರೆಯೇ ಎಂದು ಗಂಡನ ಮುಂದೆಯೇ ಕೇಳಿದರೆ ಅಪಾಯವೇ ಹೆಚ್ಚು. ಊರಿನ ಆಶಾ ಕಾರ್ಯಕರ್ತೆಗೆ ಬಹಳಷ್ಟು ಸಂಗತಿ ಕೇಳದೆಯೇ ಗೊತ್ತಿರುತ್ತದೆ. ಆದರೆ ಅವರ ತಿಳಿವಳಿಕೆ ವೈದ್ಯರ ಮೇಜಿನವರೆಗೆ ಬರಲು ದಾರಿಯಿಲ್ಲ.

ಕ್ಷಯದ ಕಾರ್ಯಕ್ರಮ ಇವತ್ತು ಉಳಿದವಕ್ಕಿಂತ ಮುಂದಿದೆ. 2018ರ ಏಪ್ರಿಲ್‌ನಿಂದ ನಿಕ್ಷಯ್ ಪೋಷಣ್ ಯೋಜನೆಯಡಿ ರೋಗಿಯ ಬ್ಯಾಂಕ್ ಖಾತೆಗೆ ತಿಂಗಳಿಗೆ 500 ರೂಪಾಯಿ ಬರುತ್ತಿತ್ತು. 2024ರ ನವೆಂಬರ್‌ನಿಂದ ಅದು 1,000 ರೂಪಾಯಿ. ದಾನಿಗಳು ಆಹಾರದ ಕಿಟ್ ಕೊಡುವ ನಿಕ್ಷಯ್ ಮಿತ್ರ ವ್ಯವಸ್ಥೆಯನ್ನು ರೋಗಿಯ ಮನೆಯವರಿಗೂ ವಿಸ್ತರಿಸಲಾಗಿದೆ. ಜಾರ್ಖಂಡದ ಪ್ರಯೋಗ ಪ್ರಕಟವಾದ ಒಂದೂವರೆ ವರ್ಷದೊಳಗೆ ಇಷ್ಟಾದದ್ದು ಸಣ್ಣ ಸಂಗತಿಯಲ್ಲ. ಖಾತೆಗೆ ಆಧಾರ್ ಜೋಡಣೆಯಾಗದೆ, ಅಥವಾ ಖಾತೆಯೇ ಇಲ್ಲದೆ ಹಣ ತಡವಾಗುವವರಿಗೆ ಮಾತ್ರ ಆ ಮೊದಲ ಎರಡು ತಿಂಗಳು, ಅಂದರೆ ತೂಕ ಏರಲೇಬೇಕಾದ ದಿನಗಳು, ಹಾಗೆಯೇ ಕಳೆದುಹೋಗುತ್ತವೆ.

ಮೂತ್ರಪಿಂಡದ ರೋಗಿಗಳಿಗೆ ಅಷ್ಟೂ ಇಲ್ಲ. 2016ರ ರಾಷ್ಟ್ರೀಯ ಕಾರ್ಯಕ್ರಮದಿಂದಾಗಿ ಜಿಲ್ಲಾ ಆಸ್ಪತ್ರೆಯಲ್ಲಿ ಬಡವರಿಗೆ ಡಯಾಲಿಸಿಸ್ ಉಚಿತ. ವಾರಕ್ಕೆ ಎರಡು ಮೂರು ಸಲ, ಬದುಕಿರುವ ತನಕ, ಹಳ್ಳಿಯಿಂದ ಜಿಲ್ಲಾ ಕೇಂದ್ರಕ್ಕೆ ಹೋಗಿಬರಬೇಕು, ಜೊತೆಗೆ ಮನೆಯವರೊಬ್ಬರು ಇರಬೇಕು, ಇಬ್ಬರ ಕೂಲಿಯೂ ಹೋಗುತ್ತದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಕರ್ನಾಟಕದ ಹೆಂಗಸರಿಗೆ ಸರ್ಕಾರಿ ಬಸ್ಸಿನ ಖರ್ಚು ತಪ್ಪಿದೆ. ಡಯಾಲಿಸಿಸ್ ಕೋಣೆಯ ದಾಖಲೆ ಪುಸ್ತಕದಲ್ಲಿ ರೋಗಿಯ ತೂಕ, ರಕ್ತದೊತ್ತಡ, ಯಂತ್ರದ ಸಂಖ್ಯೆಗಳಿಗೆ ಕಾಲಂ ಇರುತ್ತದೆ. ಊರಿನಿಂದ ಎಷ್ಟು ದೂರ, ಹೇಗೆ ಬಂದರು, ಈ ತಿಂಗಳು ಎಷ್ಟು ಸಲ ಬರಲಾಗಲಿಲ್ಲ, ಯಾಕೆ ಎಂಬುದಕ್ಕೂ ಅಲ್ಲೇ ಪಕ್ಕದಲ್ಲಿ ಜಾಗ ಮಾಡಿ, ಆ ಪುಟವನ್ನು ತಿಂಗಳಿಗೊಮ್ಮೆ ಜಿಲ್ಲಾ ಆರೋಗ್ಯಾಧಿಕಾರಿಗಳು ನೋಡುವಂತಾದರೆ, ಯಾವ ತಾಲ್ಲೂಕಿನಲ್ಲಿ ಮುಂದಿನ ಯಂತ್ರ ಇಡಬೇಕು ಎಂಬುದೂ ಅದರಲ್ಲೇ ತಿಳಿಯುತ್ತದೆ.